ನೆರಳಿನಲ್ಲಿಟ್ಟ ಬಾಟಲಿಗಳು

ಜನವರಿ 19

ಪ್ರೀತಿಯ ಸೂಜಿ,

ಮೊದಲು ಒಂದು ಕುರ್ಚಿ ಎಳೆದುಕೊಂಡು ಕೂತುಕೋ. ನಿಂತು ಓದುವ ಸುದ್ದಿಯಲ್ಲ ಇದು.

ನಿನ್ನ ಮದುವೆಗೆ ಬಂದವರ ಕೈಗೆ ಒಂದೊಂದು ಗಿಡ ಕೊಡಬೇಕು ಅಂತ ನೀನೂ ನಿನ್ನ ಗಾಜಿನಮನೆಯವನೂ ಆಸೆಪಟ್ಟಿರಲ್ಲ, ಆ ನೂರೈವತ್ತು ಮನಿ ಪ್ಲಾಂಟ್ ಕುಡಿಗಳೂ ಬೇರು ಬಿಟ್ಟಿವೆ. ಒಂದೇ ಒಂದು ಕೊಳೆತಿಲ್ಲ. ಔಷಧಿ ಅಂಗಡಿಯವನು ಕೊಟ್ಟ ಖಾಲಿ ಸೀಸೆಗಳೆಲ್ಲ ಈಗ ನನ್ನ ಅಂಗಡಿ ತುಂಬ ಹಸಿರು ಮೀಸೆ ಬಿಟ್ಟುಕೊಂಡು ಕೂತಿವೆ. ಕಿಟಕಿಯಲ್ಲಿ, ಇಸ್ತ್ರಿ ಮೇಜಿನ ಮೇಲೆ, ಕನ್ನಡಿಯ ಮುಂದೆ, ಮೆಟ್ಟಿಲಿನ ಮೇಲೆ. ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿ ಕಾಲು ಸ್ವಲ್ಪ ಅಗಲ ಮಾಡಿದರೆ ಎರಡು ಬಾಟಲಿ ಉರುಳುತ್ತವೆ.

ಅವನಿಗೆ ಹೇಳು. ಅವನು ಸಸ್ಯತೋಟದ ಗಾಜಿನಮನೆಯಲ್ಲಿ ಥರ್ಮಾಮೀಟರ್ ನೋಡಿಕೊಂಡು ಗಿಡ ಬೆಳೆಸುವವನು. ನಾನು ಹಳ್ಳಿ ಶಾಲೆಯಲ್ಲಿ ಒಂದೇ ಬೆಂಚನ್ನು ಮೂರು ವರ್ಷ ಬಿಸಿ ಮಾಡಿದವನು. ನನ್ನ ಮಿಷನ್ನಿನ ಸದ್ದು ಕೇಳಿದರೆ ಸಾಕು, ಬೇರು ತಾಳ ಹಾಕಿಕೊಂಡು ಇಳಿಯುತ್ತದೆ. ನಿನ್ನ ಅತ್ತೆಗೆ ಇದನ್ನು ಸಹಿಸಲಾಗುವುದಿಲ್ಲ. "ಮಿಷನ್ ಸದ್ದೂ ಅಲ್ಲ, ಮಣ್ಣೂ ಅಲ್ಲ. ಕದ್ದು ಗೊಬ್ಬರದ ಪುಡಿ ಹಾಕಿದ್ದು ನಾನು ನೋಡಿಲ್ಲ ಅಂದ್ಕೊಂಡ್ರಾ" ಅನ್ನುತ್ತಾಳೆ. ಚಿಟಿಕೆ ಹಾಕಿದ್ದು ನಿಜ. ಚಿಟಿಕೆಯ ಮಹಿಮೆ ಬೇರೆ, ಕೈಗುಣ ಬೇರೆ.

ಮಾರ್ಚ್ ಹತ್ತಕ್ಕೆ ಮದುವೆ. ಇದೇ ಓಟದಲ್ಲಿ ಬೆಳೆದರೆ ಅತಿಥಿಗಳು ಗಿಡ ಹಿಡಿದುಕೊಂಡು ಹೋಗುವುದಿಲ್ಲ, ಗಿಡಗಳೇ ಅತಿಥಿಗಳನ್ನು ಹಿಡಿದುಕೊಂಡು ಹೋಗುತ್ತವೆ.

ಕೋಟಿನ ಬಟ್ಟೆಯನ್ನೂ ಕತ್ತರಿಸಿಟ್ಟಿದ್ದೇನೆ. ಕಳೆದ ಸಲ ಬಂದಾಗ ತೆಗೆದ ಅಳತೆ: ಎದೆ ನಲವತ್ತೊಂದು, ಸೊಂಟ ಮೂವತ್ತಾರು. ಗಟ್ಟಿ ಆಸಾಮಿಯನ್ನೇ ಹುಡುಕಿದ್ದೀಯ. ನನ್ನ ಅಕ್ಕ ಇದ್ದಿದ್ದರೆ ಮಗಳ ಆಯ್ಕೆ ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದಳು.

ಫೋನು ಯಾಕೆ ಮಾಡುವುದಿಲ್ಲ ಅಂತ ಮತ್ತೆ ಕೇಳಬೇಡ. ಫೋನಿನಲ್ಲಿ ನಿನ್ನ ಅತ್ತೆ ನಡುವೆ ಬಾಯಿ ಹಾಕುತ್ತಾಳೆ. ಕಾಗದದ ಮೇಲೆ ರಾಜ್ಯ ನನ್ನದು.

ನಿನ್ನ ಮಾವ,
ಈ ಬೀದಿಯ ಒಂದನೇ ನಂಬರ್ ದರ್ಜಿ
(ಎರಡನೆಯವನು ಅಂಗಡಿ ಮುಚ್ಚಿದ)


ಫೆಬ್ರವರಿ 2

ಮಾವ,

ಕೂತೇ ಓದಿದೆ. ಜೋರಾಗಿ ಓದಿದೆ, ಅವರೂ ಪಕ್ಕದಲ್ಲಿದ್ದರು. ಗಿಡಗಳು ಅತಿಥಿಗಳನ್ನು ಹಿಡಿದುಕೊಂಡು ಹೋಗುವ ಮಾತಿಗೆ ಬಹಳ ನಕ್ಕರು.

ಮದುವೆಯನ್ನು ಎರಡು ತಿಂಗಳು ಮುಂದಕ್ಕೆ ಹಾಕಬೇಕಾಗಿದೆ. ಗಾಜಿನಮನೆಯ ರಿಪೇರಿ ನಡೆಯುತ್ತಿದೆ, ಅವರಿಗೆ ರಜೆ ಸಿಗಲಿಲ್ಲ. ಬೇರೇನೂ ಇಲ್ಲ. ಮೇ ತಿಂಗಳಲ್ಲಿ ಇಟ್ಟುಕೊಳ್ಳೋಣ.

ಅಲ್ಲಿಯವರೆಗೆ ಕುಡಿಗಳು ಸಣ್ಣದಾಗಿಯೇ ಇರಬೇಕು, ಆದರೆ ಸೊರಗಬಾರದು. ಹೇಗೆಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಮೊದಲು ಆ ಗೊಬ್ಬರದ ಚಿಟಿಕೆ ನಿಲ್ಲಿಸ್ಲಿ. ಬಾಟಲಿಗಳನ್ನ ಕಿಟಕಿಯಿಂದ ದೂರ ಇಡ್ಲಿ, ಆದ್ರೆ ಕತ್ತಲೇಲಿ ಬೇಡ. ಪುಸ್ತಕ ಓದೋಕಾಗೋಷ್ಟು ಬೆಳಕು ಸಾಕು. ಕೋಣೆ ತಂಪಾಗಿರ್ಲಿ. ವಾರಕ್ಕೊಂದ್ಸಲ ನೀರು ಬದಲಾಯಿಸ್ಲಿ. ತುದಿ ಓಡೋಕೆ ಶುರು ಮಾಡಿದ್ರೆ ಚಿವುಟ್ಲಿ. ಬೇರು ಒಳಗೇ ಸುತ್ಕೊಂಡ್ರೆ ಸ್ವಲ್ಪ ಸ್ವಲ್ಪವೇ ಕತ್ತರಿಸ್ಲಿ, ಒಂದೇ ಸಲ ಪೂರ್ತಿ ಅಲ್ಲ. ಬೆಳೆಯೋದನ್ನ ನಿಲ್ಲಿಸೋದಲ್ಲ, ನಿಧಾನ ಮಾಡೋದು ಅಷ್ಟೆ. ನಿಲ್ಸಿದ್ರೆ ಸಾಯುತ್ತೆ."

ನೀವು ಈ ತಿಂಗಳು ಬರುತ್ತೇನೆ ಅಂದಿದ್ದಿರಿ. ಈಗ ಬೇಡ ಮಾವ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದೇನೆ. ಪತ್ರಗಳನ್ನು ಕಚೇರಿಯ ವಿಳಾಸಕ್ಕೇ ಕಳಿಸಿ.

ನಿಮ್ಮ ಸೂಜಿ


ಫೆಬ್ರವರಿ 20

ಸೂಜಿ,

ಓದಿಕೊಂಡವರು ಕತ್ತಲೆ ಬೇಡ ಅಂದರೆ ನನಗೆ ಕತ್ತಲೆಯ ಮೇಲೆಯೇ ಮನಸ್ಸು ಹೋಗುತ್ತದೆ. ಮಕ್ಕಳು ಕತ್ತಲೆಯಲ್ಲಿ ಮಲಗುತ್ತವೆ, ಕೋಳಿಗಳು ಮಲಗುತ್ತವೆ, ಗಿಡಕ್ಕೇನು ದಾಡಿ ಅಂದುಕೊಂಡು ಎಲ್ಲ ಬಾಟಲಿಗಳನ್ನೂ ಬಟ್ಟೆಯ ಬೀರುವಿಗೆ ತುಂಬಿ ಬಾಗಿಲು ಹಾಕಿದೆ.

ಎರಡು ವಾರ ಬಿಟ್ಟು ತೆಗೆದು ನೋಡಿದರೆ ಮಲಗಿದ್ದು ಯಾವುದು? ಒಂದೊಂದೂ ಬೆಳಕು ಹುಡುಕಿಕೊಂಡು ಕತ್ತು ಚಾಚಿ ಚಾಚಿ ಬಿಳಿಚಿಕೊಂಡಿದೆ. ಗೆಣ್ಣಿಗೂ ಗೆಣ್ಣಿಗೂ ಗೇಣು ದೂರ. ಎಲೆ ಮಾತ್ರ ಗುಂಡಿಯಷ್ಟು. ಒಬ್ಬ ಧೀರ ಬೀಗದ ಕಿಂಡಿಯಿಂದ ಮೂಗು ಹೊರಗೆ ಹಾಕಿದ್ದ. ನಿನ್ನ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಿಧಾನ ಮಾಡಿ ಅಂದ್ರೆ ಜೈಲಿಗೆ ಹಾಕಿದ್ರಲ್ಲ. ಅವು ಬೆಳೆದಿದ್ದಲ್ಲ, ತಪ್ಪಿಸ್ಕೊಳ್ಳೋಕೆ ನೋಡಿದ್ದು" ಅಂದಳು. ಹನ್ನೊಂದು ಕೊಳೆತುಹೋದವು. ಇದನ್ನು ಗಾಜಿನಮನೆಯವನಿಗೆ ಹೇಳಬೇಡ. ಹೇಳಿದರೂ ಬೀಗದ ಕಿಂಡಿಯವನ ಕಥೆಯನ್ನು ಮೊದಲು ಹೇಳು.

ಈಗ ಎಲ್ಲವನ್ನೂ ಹಿಂದಿನ ಕೋಣೆಗೆ, ಅಂದರೆ ನಿನ್ನ ಕೋಣೆಗೆ ಸಾಗಿಸಿದ್ದೇನೆ. ಅಲ್ಲಿ ಬಿಸಿಲು ಬರುವುದಿಲ್ಲ, ಆದರೆ ಪುಸ್ತಕ ಓದಬಹುದು. ಅದಕ್ಕೆ ನಿನ್ನ ಶಾಲೆಯ ಅಂಕಗಳೇ ಸಾಕ್ಷಿ. ಕಿಟಕಿಗೆ ತೆಳು ಪರದೆ ಹೊಲಿದು ಹಾಕಿದೆ. ಗುಂಡಿಯ ಕಾಜಾ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಬೇರು ಒಪ್ಪ ಮಾಡುತ್ತಿದ್ದೇನೆ. ಗಾಜಿನಮನೆಯಲ್ಲಿ ಇಂಥ ಕತ್ತರಿ ಇರಲಾರದು.

ಮಾವ


ಮಾರ್ಚ್ 15

ಮಾವ,

ಬೀಗದ ಕಿಂಡಿಯವನ ಕಥೆಯನ್ನೇ ಮೊದಲು ಹೇಳಿದೆ. ನಕ್ಕು ನಕ್ಕು ಸುಸ್ತಾಗಿ ಮಲಗಿಬಿಟ್ಟರು. ಎದ್ದ ಮೇಲೆ, "ಬಿಳಿಚಿದ ಭಾಗ ಮತ್ತೆ ಹಸಿರಾಗಲ್ಲ. ಅದನ್ನ ಕತ್ತರಿಸಿ, ಕೆಳಗಿನ ಗೆಣ್ಣಿಂದ ಹೊಸ ಚಿಗುರು ಬರೋಕೆ ಬಿಡ್ಲಿ" ಅಂದರು.

ಮೇ ತಿಂಗಳಲ್ಲೂ ಆಗುವುದಿಲ್ಲ ಅನ್ನಿಸುತ್ತದೆ. ಅವರಿಗೆ ಬಡ್ತಿಯ ಪರೀಕ್ಷೆ ಇದೆ. ಆಗಸ್ಟ್ ಅಂತ ಇಟ್ಟುಕೊಳ್ಳೋಣ. ಅಡುಗೆಯವರಿಗೂ ಫೋಟೋದವರಿಗೂ ನೀವೇ ಹೇಳಿಬಿಡಿ.

ಕುಡಿಗಳನ್ನು ಎಸೆಯಬೇಡಿ. ಇಷ್ಟು ಮಾಡಿ.

ಸೂಜಿ


ಏಪ್ರಿಲ್ 2

ಸೂಜಿ,

ಒಂದು ಸಲ ರಿಪೇರಿ, ಒಂದು ಸಲ ಪರೀಕ್ಷೆ. ಮುಂದಿನ ಸಲ ಏನು, ಗಾಜಿನಮನೆಯಲ್ಲಿ ಬಾಳೆಗೊನೆಗೆ ಹೆರಿಗೆಯೇ?

ಎದುರಿನ ಕ್ಷೌರಿಕ ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ, "ಏನಣ್ಣ, ಗಂಡು ಸಿಕ್ಕಿದ್ನಾ, ಇಲ್ಲ ಹುಡುಕ್ತಿದ್ದೀರಾ" ಅನ್ನುತ್ತಾನೆ. ಅಡುಗೆಯವನು ಮುಖ ಕೊಟ್ಟು ಮಾತಾಡುತ್ತಿಲ್ಲ. ನಿನ್ನ ಅತ್ತೆ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಪಾತ್ರೆಗಳ ಕೈಲಿ ಹೇಳಿಸುತ್ತಾಳೆ. ಅಕ್ಕ ಹೋದ ಮೇಲೆ ನಿನ್ನನ್ನು ಬೆಳೆಸಿದವನು ನಾನು. ಈ ಬೀದಿಯಲ್ಲಿ ನಿನ್ನ ಮದುವೆಯ ಬಗ್ಗೆ ನಾನು ಕೊಚ್ಚಿಕೊಂಡಷ್ಟು ಯಾವ ಅಪ್ಪನೂ ಕೊಚ್ಚಿಕೊಂಡಿಲ್ಲ.

ಈ ಸಾಲುಗಳನ್ನು ಅವನಿಗೆ ಓದಿ ಹೇಳು. ಅಳಿಯದೇವರೇ, ನಿಮ್ಮ ಕುಡಿಗಳ ತುದಿ ಚಿವುಟಿ ಚಿವುಟಿ ನನ್ನ ಉಗುರು ಹಸಿರಾಗಿದೆ. ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲ ಎಂದು ಹೇಳಿ. ನನ್ನ ಹುಡುಗಿ ಬಾಟಲಿಯಲ್ಲಿಟ್ಟ ಗಿಡವಲ್ಲ, ನಿಮಗೆ ಪುರುಸೊತ್ತಾಗುವ ತನಕ ನೆರಳಲ್ಲಿ ಕಾಯಲು.

ಓದಿದೆಯಾ? ಸರಿ. ಇನ್ನೊಂದು ವಿಷಯ. ಕೋಟನ್ನು ಹೊಲಿದು ಮುಗಿಸಬೇಕು. ಈಗಿನ ಅಳತೆ ಕಳಿಸು. ಅವನ ಕಚೇರಿಯ ಪಕ್ಕ ಯಾವನಾದರೂ ದರ್ಜಿ ಇದ್ದರೆ ಅವನಿಂದ ತೆಗೆಸಬೇಡ, ನೀನೇ ತೆಗೆ, ನಾನು ಕಲಿಸಿದಂತೆ. ಹತ್ತು ದಿನದಲ್ಲಿ ಅಳತೆ ಬರದಿದ್ದರೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಾನೇ ಬಂದು ಬಾಗಿಲು ಬಡಿಯುತ್ತೇನೆ.

ಮಾವ


ಏಪ್ರಿಲ್ 12

ಮಾವ,

ಆ ಸಾಲುಗಳನ್ನು ಅವರಿಗೆ ಓದಿ ಹೇಳಲಿಲ್ಲ. ಅವರು ನೀವು ತಿಳಿದುಕೊಂಡಂಥವರಲ್ಲ. ಇದಕ್ಕಿಂತ ಹೆಚ್ಚು ಬರೆದರೆ ನಿಮ್ಮ ಜೊತೆ ಜಗಳವಾಗುತ್ತದೆ. ಜಗಳವಾಡುವ ಶಕ್ತಿ ನನಗೆ ಈಗ ಇಲ್ಲ.

ಅಳತೆ: ಎದೆ ಮೂವತ್ತನಾಲ್ಕು. ಸೊಂಟ ಇಪ್ಪತ್ತೆಂಟು. ತೋಳಿನ ಉದ್ದ ಅಷ್ಟೇ ಇರಬೇಕು. ಓದಿನ ಒತ್ತಡದಲ್ಲಿ ಸ್ವಲ್ಪ ತೆಳ್ಳಗಾಗಿದ್ದಾರೆ. ಕೋಟು ಮೈಗೆ ಸರಿಯಾಗಿ ಕೂರಲಿ, ಎಲ್ಲೂ ಸಡಿಲ ಕಾಣಬಾರದು.

ಖಂಡಿತ ಬರಬೇಡಿ.

ಕುಡಿಗಳನ್ನು ಇನ್ನೂ ಎಷ್ಟು ಕಾಲ ಹೀಗೇ ಇಡಬಹುದು ಮಾವ? ಅವರನ್ನು ಕೇಳಬಹುದಿತ್ತು. ನಿಮ್ಮನ್ನು ಕೇಳೋಣ ಅನ್ನಿಸಿತು.

ಸೂಜಿ


ಏಪ್ರಿಲ್ 17

ಸೂಜಿ,

ಅಳತೆ ತಲುಪಿತು. ಬರೆದುಕೊಂಡೆ.

ಕೋಟು ಸರಿಯಾಗಿ ಕೂರುತ್ತದೆ, ಅದರ ಚಿಂತೆ ಬಿಡು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿಲ್ಲ, ಒಳಗೆ ಮಡಚಿ ಹೊಲಿದಿದ್ದೇನೆ. ಬೇಕಾದಾಗ ಬಿಚ್ಚಿ ಅಗಲ ಮಾಡಬಹುದು.

ಕುಡಿಗಳನ್ನು ಬಹಳ ಕಾಲ ಇಡಬಹುದು. ನೋಡಿಕೊಳ್ಳುವವರು ಬೇಕು, ಅಷ್ಟೆ. ನಾನಿದ್ದೇನೆ. ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು, ಕೋಣೆಯಷ್ಟೇ ತಂಪಾದ ಮೇಲೆ ಬದಲಾಯಿಸುತ್ತೇನೆ. ಸೀಸೆಗೆ ಪಾಚಿ ಕಟ್ಟದಂತೆ ಕಂದು ಕಾಗದ ಸುತ್ತಿದ್ದೇನೆ. ಎಲೆಯ ಮೇಲಿನ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ತಿಂಗಳಿಗೆ ಒಂದು ಎಲೆ ಬಿಟ್ಟರೆ ಹೆಚ್ಚು. ಆದರೆ ಬಿಟ್ಟ ಎಲೆ ಗಟ್ಟಿಯಾಗಿದೆ.

ಹಿಂದಿನ ನನ್ನ ಪತ್ರ ಹರಿದುಹಾಕು. ಬೀದಿಯವರ ಬಾಯಿಯನ್ನು ನಾನು ನೋಡಿಕೊಳ್ಳುತ್ತೇನೆ. ಆಗಸ್ಟ್ ಅನ್ನುವುದೂ ಏನು ಕಲ್ಲಿನಲ್ಲಿ ಕೆತ್ತಿದ್ದಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ?

ಮಾವ


ಮೇ 6

ಮಾವ,

ನಿಮ್ಮ ಪತ್ರವನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದೆ. ಒಂದು ಬೈಗುಳವಿಲ್ಲ, ಒಂದು ಜಂಬವಿಲ್ಲ. ನನ್ನ ಮೇಲೆ ಇಷ್ಟು ಸಿಟ್ಟು ಬೇಡ. ಬೈಯುವುದಿದ್ದರೆ ಬೈದುಬಿಡಿ. ನೀವು ಹೀಗೆ ಮರ್ಯಾದೆಯಿಂದ ಬರೆದರೆ ನನಗೆ ಯಾರೂ ಇಲ್ಲ ಅನ್ನಿಸುತ್ತದೆ.

ಇಲ್ಲಿ ಅವರೂ ಕೇಳುತ್ತಾರೆ, "ಮಾವನ ಪತ್ರ ಬಂತಾ" ಅಂತ. ಓದಿ ಹೇಳಲು ಏನಾದರೂ ಕಳಿಸಿ.

ಸೂಜಿ


ಮೇ 15

ನನ್ನ ಸೂಜಿ,

ಸಿಟ್ಟು? ನನ್ನ ಸಿಟ್ಟಿಗೆ ಆಯುಸ್ಸು ಎಷ್ಟು ಅಂತ ನಿನಗೆ ಗೊತ್ತಿಲ್ಲವೇ? ಮೈ ಸ್ವಲ್ಪ ಭಾರವಾಗಿತ್ತು, ಅದಕ್ಕೇ ಚಿಕ್ಕದಾಗಿ ಬರೆದೆ. ಇದನ್ನು ಅವನಿಗೆ ಓದಿ ಹೇಳು.

ಕ್ಷೌರಿಕನಿಗೂ ನನಗೂ ಪಂದ್ಯ ಬಿದ್ದಿದೆ. ಅವನೂ ಒಂದು ಕುಡಿ ಬೇಡಿ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಇಟ್ಟ. ದಿನಕ್ಕೆರಡು ಸಲ ಬಿಸಿನೀರಿನ ಆವಿ, ದೊಡ್ಡ ದೀಪ, ಜೊತೆಗೆ ಅವನ ಬಾಯಿ. ಅದು ಹೆದರಿ ಕನ್ನಡಿ ದಾಟಿ ಗೋಡೆ ಹತ್ತಿತು. ಈಗ ಅವನು ಬಂದು, "ಇದನ್ನ ಹೇಗಣ್ಣ ನಿಲ್ಸೋದು, ಗಿರಾಕಿ ಕಿವಿ ಹಿಡ್ಕೊಳ್ತಿದೆ" ಅನ್ನುತ್ತಾನೆ. ನಾನು ಗಂಭೀರವಾಗಿ, ನೀನು ಮಾತು ಕಮ್ಮಿ ಮಾಡು, ಅದೇ ಗೊಬ್ಬರ ಅಂದೆ. ನಿನ್ನ ಗಾಜಿನಮನೆಯವನಿಗೆ ಹೇಳು, ಅವನ ವಿದ್ಯೆ ಈ ಬೀದಿಯಲ್ಲಿ ನನ್ನ ಹೆಸರಿನಲ್ಲಿ ಮಾರಾಟವಾಗುತ್ತಿದೆ.

ಓದಿಯಾಯಿತಾ? ನಕ್ಕನಾ?

ಹೆಚ್ಚು ನಗಿಸಬೇಡ.

ಮಾವ


ಜೂನ್ 8

ಮಾವ,

ನಿನ್ನೆ ಅತ್ತೆ ಫೋನು ಮಾಡಿದ್ದರು. "ಏನೇ ಸೂಜಿ, ನಿಮ್ಮಾವನಿಗೆ ಏನಾಗಿದೆ ಅಂತ ನಿನಗಾದ್ರೂ ಗೊತ್ತಾ? ಬೀದೀಲೆಲ್ಲ ಹೇಳ್ಕೊಂಡು ತಿರುಗ್ತಿದಾರೆ, ಕೋಟಿನ ಬಟ್ಟೆ ತಪ್ಪು ಕತ್ತರಿಸಿಬಿಟ್ಟೆ, ಕುಡಿಗಳನ್ನ ಕೊಳೆಸಿಬಿಟ್ಟೆ, ನನ್ನಿಂದಾನೇ ಮದುವೆ ಮುಂದಕ್ಕೆ ಹೋಗ್ತಿದೆ ಅಂತ. ಇಬ್ಬರು ಗಿರಾಕಿಗಳು ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋದ್ರು. ಒಳಗೆ ಬಂದು ನೋಡಿದ್ರೆ ಕೋಟು ಬೊಂಬಾಟಾಗಿದೆ, ಗಿಡಗಳು ಬೊಂಬಾಟಾಗಿವೆ" ಅಂದರು.

ನನ್ನ ಮಾವ ತಮ್ಮ ಬಾಯಿಂದ 'ತಪ್ಪು ಕತ್ತರಿಸಿದೆ' ಅಂದರು ಅಂತ ಕೇಳಿದ ಮೇಲೆ ನನಗೆ ಬೇರೇನೂ ಕೇಳಬೇಕಾಗಲಿಲ್ಲ. ನಿಮಗೆ ಗೊತ್ತಾಗಿದೆ.

ಜನವರಿಯಿಂದ ಅವರು ಆಸ್ಪತ್ರೆಯಲ್ಲಿದ್ದಾರೆ ಮಾವ. ರಕ್ತದ ಕಾಯಿಲೆ. ನಿಮ್ಮ ಮೊದಲ ಪತ್ರವನ್ನು ನಾನು ಓದಿದ್ದು ಅವರ ಹಾಸಿಗೆಯ ಪಕ್ಕ ಕೂತು. ಮನೆ ಬದಲಾಯಿಸುತ್ತಿದ್ದೇನೆ ಅಂದದ್ದು ಸುಳ್ಳು. ಆಸ್ಪತ್ರೆಗೆ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ. ರಿಪೇರಿ, ಪರೀಕ್ಷೆ ಎಲ್ಲ ಸುಳ್ಳು.

ಮದುವೆ ಬೇಡ ಅಂತ ಅವರು ಮೊದಲ ತಿಂಗಳೇ ಹೇಳಿದರು. ನಾನು ಒಪ್ಪಲಿಲ್ಲ. ರದ್ದು ಮಾಡುವುದಿಲ್ಲ, ಮುಂದಕ್ಕೆ ಹಾಕುತ್ತೇನೆ ಅಂದೆ. ನಿಮಗೆ ತಿಳಿಸಿದ್ದರೆ ನೀವೂ ಬೇಡ ಅನ್ನುತ್ತಿದ್ದಿರಿ. ಇಬ್ಬರ ಜೊತೆ ಹೋರಾಡಲು ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿ ಅಷ್ಟೊಂದು ಬಾಟಲಿಗಳು ನನ್ನ ಮದುವೆಗಾಗಿ ಕಾಯುತ್ತಿವೆ ಅಂತ ನೆನೆಸಿಕೊಂಡರೆ ಮಾರನೆಯ ದಿನ ಏಳಲು ಆಗುತ್ತಿತ್ತು.

ಈಗ ಡಾಕ್ಟರು ದಿನಾಂಕದ ಮಾತು ಬಂದರೆ ಬೇರೆ ಕಡೆ ನೋಡುತ್ತಾರೆ.

ಸೂಜಿ


ಜೂನ್ 11

ಸೂಜಿ,

ಅಳತೆ ಬಂದ ದಿನವೇ ಗೊತ್ತಾಯಿತು ಕಂದ. ಎದೆಯಲ್ಲೇ ಏಳು ಇಂಚು ಕಮ್ಮಿ. ಪರೀಕ್ಷೆಗೆ ಓದಿ ಯಾರೂ ಏಳು ಇಂಚು ಕಳೆದುಕೊಳ್ಳುವುದಿಲ್ಲ. ಟೇಪು ಹಿಡಿದು ಹಳೆಯ ಅಳತೆಯ ಪಕ್ಕ ಹೊಸದನ್ನು ಇಟ್ಟು ನೋಡಿದೆ. ನೀನಾಗಿ ಹೇಳುವ ತನಕ ಕೇಳಬಾರದು ಅನ್ನಿಸಿತು. ಮಾತು ತಡೆದುಕೊಂಡು ಬದುಕುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ನಾನು ಬೇಡ ಅನ್ನುತ್ತಿದ್ದೆನೋ ಏನೋ. ಗೊತ್ತಿಲ್ಲ. ಈಗ ಅನ್ನುವುದಿಲ್ಲ.

ನಾಡಿದ್ದಿನ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ನಿನ್ನ ಅತ್ತೆಯೂ ಬರುತ್ತಾಳೆ. ಕೋಟು ತರುತ್ತಿದ್ದೇನೆ. ನಾನು ಬರುತ್ತಿದ್ದೇನೆ ಅಂತ ಅವನಿಗೆ ಮೊದಲೇ ಹೇಳು. ಕೂದಲು ಬಾಚಿಕೊಳ್ಳಲು ಗಂಡಸರಿಗೂ ಸ್ವಲ್ಪ ಸಮಯ ಬೇಕು.

ಮಾವ


ಜುಲೈ 24

ಮಾವ,

ನೀವಿಬ್ಬರೂ ಊರಿಗೆ ಮರಳಿದ ಮೇಲೆ ಇದೇ ಮೊದಲು ಪೆನ್ನು ಹಿಡಿದದ್ದು. ಅಂದು ನಮ್ಮ ಜೊತೆ ಬಾ ಅಂತ ನೀವು ಕರೆದಾಗ ಬರದೇ ಹೋದದ್ದಕ್ಕೆ ಅತ್ತೆಗೆ ಬೇಸರವಾಗಿರಬೇಕು. ಇಲ್ಲಿ ನಿಮ್ಮ ಗಾಜಿನಮನೆಯವರ ಕೋಣೆಯನ್ನು ಖಾಲಿ ಮಾಡುವುದಿತ್ತು. ಅದೂ ಮುಗಿಯಿತು. ಬಟ್ಟೆಗಳನ್ನು ಅವರ ಅಣ್ಣ ತೆಗೆದುಕೊಂಡು ಹೋದರು. ನಿಮ್ಮ ಕೋಟೂ ಸೇರಿ, ಎಲ್ಲವನ್ನೂ. ನನ್ನನ್ನು ಕೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ತಪ್ಪಲ್ಲ.

ಕೊನೆಯ ವಾರ ಮತ್ತೆ ಕೇಳಿದ್ದೆ, ವಾರ್ಡಿನಲ್ಲೇ ಮದುವೆಗೆ ಸಹಿ ಹಾಕೋಣ, ನೀವಿಬ್ಬರೇ ಸಾಕ್ಷಿ ಸಾಕು ಅಂತ. "ಬೇಡ. ನಿನ್ನನ್ನ ಬಿಟ್ಟುಹೋದವನ ಹೆಸರು ಹೊತ್ತುಕೊಂಡು ಓಡಾಡಬೇಡ" ಅಂದರು. ಅದರಲ್ಲಿ ಮಾತ್ರ ಸೋತೆ.

ಕಚೇರಿಯಲ್ಲಿ ರಜೆ ಕೇಳಿದಾಗ, "ತೀರಿಕೊಂಡವರು ನಿಮಗೇನಾಗಬೇಕು" ಅಂದರು. ನನ್ನ ಹತ್ತಿರ ಶಬ್ದ ಇರಲಿಲ್ಲ ಮಾವ. ಗಂಡ ಅಲ್ಲ. ಪರಿಚಯದವರು ಅನ್ನಲು ನಾಲಿಗೆ ಏಳಲಿಲ್ಲ. ಬಿಡಿ ಅಂದು ಕೆಲಸಕ್ಕೆ ಕೂತೆ. ಈಗ ಎಲ್ಲರೂ ಹೊರಗೆ ಬಾ, ಹೊರಗೆ ಬಾ ಅನ್ನುತ್ತಾರೆ. ಸಿನಿಮಾ ಟಿಕೆಟ್ ತರುತ್ತಾರೆ. ಮರೆಯಲು ನನಗೆ ಸಹಾಯ ಮಾಡುತ್ತಿದ್ದಾರಂತೆ.

ಬಾಟಲಿಗಳನ್ನು ಇನ್ನು ತಡೆಯಬೇಡಿ. ಯಾರಿಗಾದರೂ ಕೊಡಿ, ಮಣ್ಣಿಗೆ ಹಾಕಿ, ಏನಾದರೂ ಮಾಡಿ. ಅವು ಕಾಯುತ್ತಿದ್ದದ್ದು ಮುಗಿಯಿತು.

ಸೂಜಿ


ಜುಲೈ 29

ಸೂಜಿ,

ನಿನ್ನ ಅತ್ತೆಗೆ ಬೇಸರವಿಲ್ಲ. ಪತ್ರ ಬಂದದ್ದೇ ಓದಿ, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾತ್ರೆಗಳ ಸದ್ದು ಬರಲಿಲ್ಲ.

ಊರಿಗೆ ಬಂದ ದಿನ ಅಂಗಡಿ ತೆರೆಯಲಿಲ್ಲ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೆ: ನನ್ನ ಅಳಿಯ ತೀರಿಕೊಂಡಿದ್ದಾನೆ, ಮೂರು ದಿನ ಅಂಗಡಿ ಇಲ್ಲ. ಕ್ಷೌರಿಕ ಓದಿ, ಏನೂ ಕೇಳದೆ ಅವನ ಬಾಗಿಲನ್ನೂ ಅರ್ಧ ಎಳೆದುಕೊಂಡ. ಕಾಗದ, ಸಹಿ, ಸಾಕ್ಷಿ ಅಂತ ಈ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನಿನ್ನ ಕಚೇರಿಯವರು ಮತ್ತೆ ಕೇಳಿದರೆ, ನನ್ನ ಮಾವನಿಗೆ ಅಳಿಯ ಅನ್ನು. ಉಳಿದದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳಲಿ.

ಬಾಟಲಿಗಳ ವಿಷಯ. ತಡೆಯಬೇಡಿ ಅಂದೆ. ನಿನ್ನ ಪತ್ರ ಓದಿದ ಕೈಯಲ್ಲೇ ಎಲ್ಲವನ್ನೂ ಬಿಸಿಲಿಗೆ ಎತ್ತಿಡಲು ಹೊರಟಿದ್ದೆ. ಆಮೇಲೆ ನೆನಪಾಯಿತು. ಆಸ್ಪತ್ರೆಯಲ್ಲಿ ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ ಅವನೂ ನಾನೂ ಇದನ್ನೇ ಮಾತಾಡಿದ್ದೆವು. ನನ್ನ ಬೀರುವಿನ ಪ್ರತಾಪ ಕೇಳಿ ನಕ್ಕು, ಮತ್ತೆ ಉಸಿರು ತೆಗೆದುಕೊಂಡು ಅಂದ: "ನೆರಳಲ್ಲಿದ್ದ ಗಿಡವನ್ನ ಒಂದೇ ಸಲ ಬಿಸಿಲಿಗೆ ಇಡಬೇಡಿ ಮಾವ, ಎಲೆ ಸುಟ್ಟುಹೋಗುತ್ತೆ. ದಿನಾ ಒಂದಿಷ್ಟು ಹತ್ತಿರ ಇಡಿ. ಎರಡು ವಾರ ಏನೂ ಆಗಲಿಲ್ಲ ಅಂತ ಗಾಬರಿಯಾಗಬೇಡಿ. ಗೊಬ್ಬರ ಸುರಿಯೋಕೂ ಹೋಗಬೇಡಿ. ಅದಕ್ಕೆ ಬೇಕಾದಾಗ ಅದೇ ಹೊರಡುತ್ತೆ." ಅವನು ಗಿಡದ ಮಾತೇ ಆಡುತ್ತಿದ್ದ. ಇದರಲ್ಲಿ ಬೇರೆ ಅರ್ಥ ನಾನು ಹುಡುಕಿಲ್ಲ, ನೀನೂ ಹುಡುಕಬೇಡ.

ಇದ್ದವರಲ್ಲಿ ಗಟ್ಟಿಗರನ್ನು ಮಣ್ಣಿಗೆ ಹಾಕುತ್ತಿದ್ದೇನೆ. ಕೇಳಿದವರಿಗೆ ಒಂದೊಂದು ಕೊಡುತ್ತೇನೆ. ಉಳಿದವು ನಿನ್ನ ಕೋಣೆಯಲ್ಲೇ ಇವೆ, ನೆಲದ ಮೇಲೆ ಸಾಲಾಗಿ. ಅವುಗಳ ನಡುವೆ ಬಾಗಿಲಿಂದ ಮಂಚದ ತನಕ ದಾರಿ ಬಿಟ್ಟಿದ್ದೇನೆ. ಹಾಸಿಗೆ ಬಿಸಿಲಿಗೆ ಹಾಕಿ ತಂದಿದ್ದೇನೆ.

ಬಾ ಅಂತ ನಾನು ಕರೆಯುತ್ತಿಲ್ಲ. ನಿನ್ನ ಕಚೇರಿಯವರು ಸಾಕಷ್ಟು ಕರೆಯುತ್ತಿದ್ದಾರೆ. ಬಂದರೆ ಬೆಳಿಗ್ಗೆ ಏಳು ಅನ್ನುವವರಿಲ್ಲ, ಮಲಗು ಅನ್ನುವವರಿಲ್ಲ. ಅತ್ತೆ ಬಾಗಿಲಲ್ಲಿ ತಟ್ಟೆ ಇಟ್ಟು ಹೋಗುತ್ತಾಳೆ. ನಾನು ವಾರಕ್ಕೊಮ್ಮೆ ನೀರು ಬದಲಾಯಿಸಲು ಬರುತ್ತೇನೆ, ಬಾಯಿ ಮುಚ್ಚಿಕೊಂಡು. ಬೇಕಾದರೆ ಆಗ ಬೆನ್ನು ತಿರುಗಿಸಿ ಮಲಗಿಕೋ.

ಕಿಟಕಿಯ ಪರದೆಗೆ ಮಾತ್ರ ನಾನು ಕೈ ಹಾಕುವುದಿಲ್ಲ.

ಮಾವ